ಮ್ಯಾಕ್ ಮನೆಗೆ ವಿಂಡೋಸ್ ಬಾಡಿಗೆದಾರ

ಮನೆಯಲ್ಲಿರುವುದು ಮ್ಯಾಕ್, ಮಗನಿಗೆ ಬೇಕಾದದ್ದು ವಿಂಡೋಸ್ ಆಟ. ಇನ್ನೊಂದು ಲ್ಯಾಪ್‌ಟಾಪ್‌ಗೆ ದುಡ್ಡು ಸುರಿಯುವ ಮೊದಲು ಸ್ವಲ್ಪ ತಾಳಿ.

ಪ್ಯಾರಲಲ್ಸ್, ವಿಎಂವೇರ್ ಫ್ಯೂಷನ್‌ನಂಥ ತಂತ್ರಾಂಶಗಳು ಮ್ಯಾಕ್ ಒಳಗೇ ಒಂದು ತೋರಿಕೆಯ ಕಂಪ್ಯೂಟರನ್ನು ಕಟ್ಟಿಕೊಡುತ್ತವೆ. ವಿಂಡೋಸ್ ಅದರಲ್ಲಿ ಸ್ವಂತ ಮನೆಯಲ್ಲಿದ್ದಂತೆಯೇ ಓಡಾಡಿಕೊಂಡಿರುತ್ತದೆ. ಆದರೆ ಬಾಡಿಗೆದಾರನಿಗೆ ಜಾಗ ಬೇಕಲ್ಲ! 8 ಜಿಬಿ ಮೆಮೊರಿಯಲ್ಲಿ ಅರ್ಧ ಬಿಟ್ಟುಕೊಟ್ಟರೆ ಇಬ್ಬರಿಗೂ ಉಸಿರು ಕಟ್ಟುತ್ತದೆ. 16 ಇದ್ದರೆ ನೆಮ್ಮದಿ.

2020ರ ಕೊನೆಯಿಂದ ಬಂದ ಎಂ ಸರಣಿ ಚಿಪ್‌ನ ಮ್ಯಾಕ್‌ಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಓಡುವುದು ಆರ್ಮ್ ಚಿಪ್‌ಗಳಿಗೆಂದು ಮಾಡಿದ ವಿಂಡೋಸ್ 11. ಹೆಚ್ಚಿನ ಆಟಗಳು ಬಲ್ಲದ್ದು ಇಂಟೆಲ್ ಚಿಪ್‌ನ ಭಾಷೆ. ಹಾಗಾಗಿ ಆಟದ ಆದೇಶಗಳನ್ನು ವಿಂಡೋಸ್ ಅನುವಾದಿಸಿಕೊಳ್ಳುತ್ತಲೇ ಇರಬೇಕು. ಏಜ್ ಆಫ್ ಎಂಪೈರ್ಸ್ 2ರಂಥ ಹಗುರ ಆಟಗಳಿಗೆ ಇದು ನಡೆಯುತ್ತದೆ. ಹೊಸ ಭಾರೀ ಆಟಗಳು ಏದುಸಿರು ಬಿಡುತ್ತವೆ. ವ್ಯಾಲೊರಂಟ್ ಅಂತೂ ಬೇಡವೇ ಬೇಡ. ಮೋಸ ತಡೆಯಲು ಅದು ಇಟ್ಟುಕೊಂಡಿರುವ ಕಾವಲುಗಾರ ವ್ಯಾನ್‌ಗಾರ್ಡ್, ತೋರಿಕೆಯ ಕಂಪ್ಯೂಟರ್ ಎಂದು ಗೊತ್ತಾದರೆ ಒಳಗೇ ಬಿಡುವುದಿಲ್ಲ.

ಪ್ಯಾರಲಲ್ಸ್‌ಗೆ ಹಣ ಕೊಡಬೇಕು. ಫ್ಯೂಷನ್ 2024ರಿಂದ ಮನೆಬಳಕೆಗೆ ಉಚಿತ. ವಿಂಡೋಸ್ ಪರವಾನಗಿಯ ಖರ್ಚು ಬೇರೆ. ಪ್ಯಾರಲಲ್ಸ್‌ನ ಉಚಿತ ಪ್ರಯೋಗಾವಧಿಯಲ್ಲೇ ನಿಮ್ಮ ಆಟ ಓಡಿಸಿ ನೋಡಿ. ಅದಕ್ಕೂ ಮೊದಲು, ಆ ಆಟದ ಮ್ಯಾಕ್ ಆವೃತ್ತಿಯೇ ಇದೆಯೇ ಎಂದು ಸ್ಟೀಮ್‌ನಲ್ಲಿ ಹುಡುಕಿ!