ಮನೆ ಅವರದ್ದು, ಒದ್ದೆ ಮರಳು ಎಲ್ಲರದ್ದು
ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿರೋ ಕಾರ್ಬನ್ ಬೀಚ್‌ಗೆ ‘ಬಿಲಿಯನೇರ್‌ಗಳ ಬೀಚ್’ ಅಂತಲೇ ಅಡ್ಡಹೆಸರು. ಆದರೆ ಅಲ್ಲಿ ಎಷ್ಟೇ ದುಡ್ಡು ಸುರಿದು ಮನೆ ಕೊಂಡರೂ ಕಡಲತೀರ ಪೂರ್ತಿ ನಿಮ್ಮದಾಗಲ್ಲ. ಉಬ್ಬರದ ನೀರು ಸರಾಸರಿಯಾಗಿ ಮುಟ್ಟುವ ಗೆರೆಯಿಂದ ಸಮುದ್ರದ ಕಡೆಗಿನ ಮರಳು ಸಾರ್ವಜನಿಕ ಆಸ್ತಿ. ಯಾರು ಬೇಕಾದರೂ ಓಡಾಡಬಹುದು.

ತೊಡಕಿರೋದು ಅಲ್ಲಿಗೆ ತಲುಪೋದರಲ್ಲಿ. ಹೆದ್ದಾರಿಗೂ ಕಡಲಿಗೂ ನಡುವೆ ಮನೆಗಳು ಗೋಡೆಯಂತೆ ಒತ್ತಾಗಿ ನಿಂತಿವೆ. ಹಾಲಿವುಡ್ ಉದ್ಯಮಿ ಡೇವಿಡ್ ಗೆಫೆನ್ 1983ರಲ್ಲಿ ಕಟ್ಟಡ ಪರವಾನಗಿಗಾಗಿ ಜನರಿಗೆ ದಾರಿ ಬಿಡಲು ಒಪ್ಪಿದರು. ಗೇಟು ತೆರೆದದ್ದು 2005ರಲ್ಲಿ! ದಾರಿ ಅಡ್ಡಗಟ್ಟುವವರಿಗೆ ನೇರವಾಗಿ ದಂಡ ಹಾಕುವ ಅಧಿಕಾರ ರಾಜ್ಯದ ಕರಾವಳಿ ಆಯೋಗಕ್ಕೆ ಸಿಕ್ಕಿದ್ದು 2014ರಲ್ಲಿ.

ಈಗ ಕಡಲಮಟ್ಟ ಏರ್ತಿದೆ, ಗೆರೆಯೂ ಮನೆಗಳತ್ತ ಸರಿಯುತ್ತೆ. ಮನೆ ಉಳಿಸಲು ತಡೆಗೋಡೆ ಕಟ್ಟಿದರೆ ಅದರ ಮುಂದಿನ ಮರಳು ಕೊಚ್ಚಿಹೋಗುತ್ತೆ. ಆಗ ಜನರಿಗೆ ಹಕ್ಕು ಉಳಿಯುತ್ತೆ, ಕಾಲಿಡೋಕೆ ಜಾಗ ಉಳಿಯಲ್ಲ.