ಮೆದುಳಿನ ಶಸ್ತ್ರಚಿಕಿತ್ಸೆಯೂ ಕುಟುಂಬ ಯೋಜನೆಯೂ

ಪತ್ನಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಅಗತ್ಯವೆಂದು ವೈದ್ಯರು ತಿಳಿಸಿದಾಗ ಮನೆಮಂದಿಯೆಲ್ಲ ಕಂಗೆಡುವುದು ಸಹಜ. ಚಿಕಿತ್ಸೆಯ ಕ್ರಮವನ್ನರಿತರೆ ಭಯ ತಗ್ಗುತ್ತದೆ. ಗರ್ಭನಿರೋಧ ಕ್ರಮ ಅನುಸರಿಸುತ್ತಿರುವ ದಂಪತಿಗಳು ವಹಿಸಬೇಕಾದ ಮುಖ್ಯ ಎಚ್ಚರಿಕೆಯೂ ಮನದಟ್ಟಾಗುತ್ತದೆ.

ಸ್ನಾಯುಗಳನ್ನು ಸಡಿಲಿಸುವುದೇಕೆ?

ಮೆದುಳು ಅತಿ ಸೂಕ್ಷ್ಮವಾದ ಅಂಗ. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯು ಕೆಮ್ಮಿದರೂ ಕದಲಿದರೂ ಅಪಾಯ. ಆದುದರಿಂದ ಅರಿವಳಿಕೆಯೊಡನೆ ವೆಕುರೋನಿಯಂ, ರೋಕುರೋನಿಯಂ ಮುಂತಾದ ಔಷಧಿಗಳನ್ನು ಕೊಟ್ಟು ಸ್ನಾಯುಗಳನ್ನು ಸಡಿಲಿಸುತ್ತಾರೆ. ಆಗ ಉಸಿರಾಟವನ್ನು ಯಂತ್ರವು ನಡೆಸುತ್ತದೆ.

ಬಲವನ್ನು ಮರಳಿಸುವುದೇಕೆ?

ಶಸ್ತ್ರಚಿಕಿತ್ಸೆ ಮುಗಿದ ಬಳಿಕವೂ ಈ ಔಷಧಿಯ ಪ್ರಭಾವ ಉಳಿದರೆ ರೋಗಿಯ ಸ್ವಂತ ಉಸಿರಾಟ ಸಾಲದಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗಿ, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಅಲ್ಲದೆ, ರೋಗಿಯು ಕೈಕಾಲು ಎತ್ತದಿದ್ದರೆ ಅದಕ್ಕೆ ಕಾರಣ ಉಳಿದ ಔಷಧಿಯೋ, ಮೆದುಳಿನಲ್ಲಾದ ರಕ್ತಸ್ರಾವವೋ ಎಂದು ನಿರ್ಧರಿಸುವುದು ಕಷ್ಟವಾಗುತ್ತದೆ.

ಬಲ ಮರಳಿರುವುದನ್ನು ಅರಿಯಲು ಮಣಿಕಟ್ಟಿನ ನರಕ್ಕೆ ನಾಲ್ಕು ಬಾರಿ ಅಲ್ಪ ವಿದ್ಯುತ್ತನ್ನು ಹಾಯಿಸಿ ಹೆಬ್ಬೆರಳಿನ ಮಿಡಿತವನ್ನು ಅಳೆಯುತ್ತಾರೆ. ನಾಲ್ಕನೆಯ ಮಿಡಿತವು ಮೊದಲನೆಯದರ ಶೇಕಡ 90ರಷ್ಟಾದರೂ ಇರಬೇಕು.

ಎರಡು ಔಷಧಿಗಳು

ನಿಯೋಸ್ಟಿಗ್ಮಿನ್ ಬಹುಕಾಲದಿಂದ ಬಳಕೆಯಲ್ಲಿದೆ. ಹೃದಯದ ಬಡಿತ ತೀರ ನಿಧಾನವಾಗದಂತೆ ಅದರೊಡನೆ ಗ್ಲೈಕೋಪೈರೋಲೇಟ್ ಅಥವಾ ಅಟ್ರೋಪಿನ್ ಕೊಡುತ್ತಾರೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಸುಗಮ್ಮಾಡೆಕ್ಸ್ ಎಂಬ ಔಷಧಿಯು ಸಡಿಲಕ ಔಷಧಿಯ ಕಣಗಳನ್ನು ತನ್ನೊಳಗೆ ಸೆರೆಹಿಡಿದು, ಹೆಚ್ಚು ಶೀಘ್ರವಾಗಿ ಬಲವನ್ನು ಮರಳಿಸುತ್ತದೆ.

ದಂಪತಿಗಳು ಗಮನಿಸಬೇಕಾದುದು

ಸುಗಮ್ಮಾಡೆಕ್ಸ್ ಗರ್ಭನಿರೋಧಕ ಹಾರ್ಮೋನನ್ನೂ ಸೆರೆಹಿಡಿಯಬಲ್ಲದು. ಇದನ್ನು ಪಡೆದರೆ ಒಂದು ದಿನದ ಗುಳಿಗೆ ತಪ್ಪಿದಂತೆಯೇ ಎಂದು ತಿಳಿಯಬೇಕು. ಆದುದರಿಂದ ಮಾಲಾ-ಎನ್ ಗುಳಿಗೆ ಅಥವಾ ಅಂತರಾ ಚುಚ್ಚುಮದ್ದು ಪಡೆಯುತ್ತಿರುವವರು ಅದನ್ನು ವೈದ್ಯರ ಸಲಹೆಯಂತೆ ಮುಂದುವರಿಸುವುದರ ಜೊತೆಗೆ, ಮುಂದಿನ 7 ದಿನ ನಿರೋಧ್ ಬಳಸಬೇಕು. ಕಾಪರ್-ಟಿ ಅಳವಡಿಸಿಕೊಂಡವರಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಆದವರಿಗೂ ಈ ಚಿಂತೆಯಿಲ್ಲ.

ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಫಿಟ್ಸ್ ಬಾರದಂತೆ ಕೊಡುವ ಫೆನಿಟಾಯಿನ್ ಗುಳಿಗೆಯೂ ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಅದನ್ನು ತಾವಾಗಿ ನಿಲ್ಲಿಸಬಾರದು. ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಿ ಆರಿಸಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನವೇ ತಾವು ಅನುಸರಿಸುತ್ತಿರುವ ಗರ್ಭನಿರೋಧ ವಿಧಾನವನ್ನು ಅರಿವಳಿಕೆ ತಜ್ಞರಿಗೆ ಸಂಕೋಚವಿಲ್ಲದೆ ತಿಳಿಸಿರಿ. ಮನೆಗೆ ಮರಳುವಾಗ ಯಾವ ಔಷಧಿ ಕೊಡಲಾಯಿತೆಂದು ಕೇಳಿ ಬರೆಸಿಕೊಳ್ಳಿರಿ. ದೇಹವು ಪೂರ್ಣವಾಗಿ ಚೇತರಿಸಿಕೊಂಡು, ದಂಪತಿಗಳಿಬ್ಬರೂ ಬಯಸಿದಾಗ ಬರುವ ಗರ್ಭವೇ ತಾಯಿಗೂ ಮಗುವಿಗೂ ಹಿತಕರ.