ಕೈಲೇಸರಿನ ಕ್ರಯವೂ ಪ್ರಮಾಣವಿಚಾರವೂ

‘ಪ್ರಮಾಣ’ವೆಂಬ ಶಬ್ದಕ್ಕೆ ಅಳತೆಯೆಂದೂ, ಯಥಾರ್ಥಜ್ಞಾನದ ಸಾಧನವೆಂದೂ ಎರಡರ್ಥಗಳು ಪ್ರಸಿದ್ಧವಾಗಿವೆ. ಅಂತರ್ಜಾಲದ ಅಂಗಡಿಗಳಲ್ಲಿ ಮಾರಲ್ಪಡುವ ಪ್ರಬಲವಾದ ಕೈಲೇಸರುಗಳ ವಿಷಯದಲ್ಲಿ ಈ ಎರಡರ್ಥಗಳೂ ಒಂದೆಡೆ ಕೂಡುವುವು. ಆ ವಸ್ತುವಿನ ಅಳತೆಯನ್ನು ನಿಶ್ಚಯಿಸತಕ್ಕ ಸಾಧನವು ಕೊಳ್ಳುವವನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಉಪನ್ಯಾಸಮಂದಿರದ ತೆರೆಯ ಮೇಲೆ ತಾಳೆಯೋಲೆಯ ಪಂಕ್ತಿಯೊಂದನ್ನು ತೋರಿಸುವುದಕ್ಕೆ ಅಧ್ಯಾಪಕರು ಹಿಡಿಯುವ ಬೆಳಕಿನ ಕಡ್ಡಿಯೂ ಈ ಜಾತಿಗೇ ಸೇರಿದುದಾದ ಕಾರಣ, ವಿಷಯವು ವಿವೇಚನೆಗೆ ಯೋಗ್ಯವಾಗಿದೆ.

ಮೊದಲು ವಸ್ತುಸ್ವರೂಪ. ಅಮೆರಿಕದ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿಯು 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊತ್ತಮೊದಲು ಹೊರಡಿಸಿದ ಲೇಸರಿನ ಬೆಳಕು, ದೀಪದ ಬೆಳಕಿನಂತೆ ದಿಕ್ಕುದಿಕ್ಕಿಗೆ ಹರಡದೆ ಸಣ್ಣ ಧಾರೆಯಾಗಿ ದೂರಕ್ಕೆ ಹೋಗುವುದು. ಆ ಧಾರೆಯು ಕಣ್ಣನ್ನು ಹೊಕ್ಕರೆ, ಕಣ್ಣು ಅದನ್ನು ಅಕ್ಷಿಪಟಲದ ಮೇಲೆ ಬಿಂದುಮಾತ್ರವಾಗಿ ಕೂಡಿಸುವುದರಿಂದ, ಅಲ್ಲಿ ಅದರ ತೀಕ್ಷ್ಣತೆಯು ಸುಮಾರು ಒಂದು ಲಕ್ಷ ಪಟ್ಟು ಹೆಚ್ಚುವುದು. ಕಣ್ಣಿಗೆ ಕಾಣುವ ಬೆಳಕು 1 ಮಿಲಿವಾಟನ್ನು ಮೀರದಿದ್ದರೆ, ಕಾಲು ಸೆಕೆಂಡಿನೊಳಗೆ ತಾನಾಗಿ ಮುಚ್ಚುವ ರೆಪ್ಪೆಯೇ ರಕ್ಷೆ. ಇದು ಎರಡನೆಯ ವರ್ಗ. ಸೂಚಕಗಳಿಗೆ ಅಮೆರಿಕದ ನಿಯಮವು ವಿಧಿಸಿರುವ ಎಲ್ಲೆ 5 ಮಿಲಿವಾಟು. 500ನ್ನು ಮೀರಿದುದು ನಾಲ್ಕನೆಯ ವರ್ಗ. ಅದು ಚರ್ಮವನ್ನು ಸುಡಬಲ್ಲುದು, ಗೋಡೆಯಿಂದ ಚದರಿ ಬಂದ ಅದರ ಬೆಳಕೂ ಕಣ್ಣಿಗೆ ಅಪಾಯಕರವಾಗಬಹುದು. ಚಿತ್ರಪ್ರಕ್ಷೇಪಕಗಳಿಗಾಗಿ ತಯಾರಾದ ನೀಲಿ ಡಯೋಡುಗಳು 2010ರ ವೇಳೆಗೆ ಕೈಲೇಸರುಗಳೊಳಗೆ ಸೇರಿದ ಮೇಲೆ, ಇಂಥವು ಸಾಮಾನ್ಯನ ಕೈಗೂ ಬಂದುವು.

ಇನ್ನು ಶಬ್ದಪ್ರಮಾಣ. ಕೊಳವೆಗೆ ಅಂಟಿಸಿದ ಚೀಟಿಯೇ ಇಲ್ಲಿ ಶಬ್ದ. ನೈಯಾಯಿಕರು ಆಪ್ತನ ವಾಕ್ಯವನ್ನು ಮಾತ್ರ ಪ್ರಮಾಣವೆಂದು ಒಪ್ಪುವರು. ಆಪ್ತನಾದರೋ ವಿಷಯವನ್ನು ಕಂಡವನೂ ಕಂಡುದನ್ನು ಕಂಡಂತೆ ಹೇಳುವವನೂ ಆಗಿರಬೇಕು. ಅಳೆಯದೆ ಚೀಟಿ ಬರೆದ ವ್ಯಾಪಾರಿಯಲ್ಲಿ ಮೊದಲನೆಯ ಲಕ್ಷಣವೇ ಇಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 122 ಸೂಚಕಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹಸುರು ಬೆಳಕಿನವುಗಳಲ್ಲಿ ಶೇಕಡ 90ರಷ್ಟೂ ಕೆಂಪಿನವುಗಳಲ್ಲಿ ಸುಮಾರು ಶೇಕಡ 44ರಷ್ಟೂ ನಿಯಮಕ್ಕೆ ಹೊಂದಲಿಲ್ಲ. ಕೊಂಡವರ ಪ್ರಶಂಸೆಯೂ ಇದೇ ದೋಷಕ್ಕೆ ಗುರಿ. ಅಳೆಯುವ ಯಂತ್ರವು ಅವರಲ್ಲಿಯೂ ಇರುವುದು ಅಪರೂಪ.

ಇಲ್ಲಿ ಒಂದು ಶಂಕೆ. ಚೀಟಿಯು ಸುಳ್ಳಾದರೂ ಬೆಳಕಿನ ಬಲಾಬಲವು ಕಣ್ಣಿಗೆ ಪ್ರತ್ಯಕ್ಷವಲ್ಲವೆ? ಅಲ್ಲವೆಂಬುದೇ ಸಮಾಧಾನ. ಹಗಲಿನ ದೃಷ್ಟಿಯು 555 ನ್ಯಾನೊಮೀಟರಿನ ಸಮೀಪದ ಹಸುರನ್ನು ಅತಿಯಾಗಿ ಗ್ರಹಿಸುವುದು. ಆದುದರಿಂದ ಸಮಬಲದ ನೀಲಿಯು ಅದರ ಮುಂದೆ ಮಂಕಾಗಿ ತೋರುವುದು. ಮಂಕಾದುದು ಸೌಮ್ಯವೆಂದು ಬಗೆದರೆ ಭ್ರಾಂತಿಯೇ. ಇದಕ್ಕಿಂತ ಮಿಗಿಲಾದ ಆಪತ್ತು ಕಾಣದ ಬೆಳಕಿನದು. ಸಾಮಾನ್ಯವಾದ ಹಸುರು ಲೇಸರಿನಲ್ಲಿ 808 ನ್ಯಾನೊಮೀಟರಿನ ಅವರಕ್ತ ಕಿರಣವು ಒಂದು ಹರಳಿನಲ್ಲಿ 1064 ಆಗಿ, ಮತ್ತೊಂದರಲ್ಲಿ 532ರ ಹಸುರಾಗಿ ಮಾರ್ಪಡುವುದು. ಉಳಿದ ಅವರಕ್ತವನ್ನು ತಡೆಯತಕ್ಕ ಶೋಧಕವನ್ನು ಅಗ್ಗದ ವಸ್ತುಗಳಲ್ಲಿ ಬಿಟ್ಟುಬಿಡುವುದುಂಟು. ಅದೇ ಸಂಸ್ಥೆಯವರು 2009ರ ಕೊನೆಯಲ್ಲಿ 10 ಮಿಲಿವಾಟೆಂದು ಮಾರಲ್ಪಟ್ಟ ಮೂರು ಹಸುರು ಸೂಚಕಗಳನ್ನು ಕೊಂಡು ಪರೀಕ್ಷಿಸಿದರು. ಒಂದರಲ್ಲಿ ಹಸುರು ಬೆಳಕು ಮಂಕಾಗಿತ್ತು. ಅವರಕ್ತವೋ ಸುಮಾರು 20 ಮಿಲಿವಾಟಿನಷ್ಟಿದ್ದಿತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚದು. ಅಕ್ಷಿಪಟಲಕ್ಕೆ ನೋವೂ ತಿಳಿಯದು. ಪ್ರತ್ಯಕ್ಷಕ್ಕೆ ಇಂದ್ರಿಯಾರ್ಥಗಳ ಸನ್ನಿಕರ್ಷವು ಬೇಕು. ಇಲ್ಲಿ ಸನ್ನಿಕರ್ಷವೇ ಇಂದ್ರಿಯವನ್ನು ಕೆಡಿಸುವುದು.

ಜೊತೆಗೆ ಕಳುಹಿಸುವ ಬಣ್ಣದ ಕನ್ನಡಕವನ್ನು ನಂಬುವುದೂ ಸಾಹಸವೇ. ರಕ್ಷಣೆಯ ಕನ್ನಡಕದ ಮೇಲೆ, ಅದು ಯಾವ ತರಂಗಾಂತರವನ್ನು ಎಷ್ಟು ಪಟ್ಟು ತಡೆಯುವುದೆಂಬುದು ಬರೆದಿರಬೇಕು. ಹಸುರನ್ನು ತಡೆಯುವ ಗಾಜು ಅವರಕ್ತವನ್ನೂ ತಡೆಯುವುದೆಂಬ ನಿಯಮವಿಲ್ಲ.

ರಾಜಶಾಸನದ ಭಯವೂ ಉಂಟು. ಆಸ್ಟ್ರೇಲಿಯವು 2008ರಲ್ಲಿ 1 ಮಿಲಿವಾಟನ್ನು ಮೀರಿದ ಕೈಸೂಚಕಗಳ ಆಮದನ್ನು ಅನುಮತಿಯಿಲ್ಲದೆ ಮಾಡಕೂಡದೆಂದು ನಿಷೇಧಿಸಿತು. ವಿಮಾನದತ್ತ ಲೇಸರನ್ನು ಹಿಡಿಯುವುದು ಅಮೆರಿಕದಲ್ಲಿ 2012ರ ಶಾಸನದಂತೆ ಐದು ವರ್ಷಗಳವರೆಗಿನ ಸೆರೆಗೆ ತಕ್ಕ ಅಪರಾಧ. ಆದರೂ 2023ರಲ್ಲಿ ಅಲ್ಲಿ ಇಂಥ 13,304 ಪ್ರಕರಣಗಳು ವರದಿಯಾದುವು.

ಹೀಗಿರಲು ನಿರ್ಣಯವು ಸುಲಭ. ಉಪನ್ಯಾಸಕ್ಕೆ 1 ಮಿಲಿವಾಟಿನ ಕೆಂಪು ಬೆಳಕೇ ಸಾಕು. ಅದನ್ನು ಕೊಳ್ಳುವಾಗಲೂ ತಯಾರಕರ ಹೆಸರು ಮತ್ತು ವಿಳಾಸ, ತರಂಗಾಂತರ, ವರ್ಗ, ಸ್ವತಂತ್ರ ಪರೀಕ್ಷೆಯ ಪತ್ರ ಇವುಗಳನ್ನು ಕೇಳತಕ್ಕದ್ದು. ಇವು ದೊರೆಯದಿದ್ದರೆ ಬೆಲೆಯು ಎಷ್ಟೇ ಅಗ್ಗವಾಗಿರಲಿ, ಬಿಡುವುದೇ ಮೇಲು. ತಾಳೆಯೋಲೆಯನ್ನು ತೋರಿಸಲು ಮರದ ಕೋಲೂ ಆದೀತು. ಅದನ್ನು ಓದುವುದಕ್ಕೆ ಮಾತ್ರ ಕಣ್ಣಿಗೆ ಬದಲಿಲ್ಲ.